ಕಾಗದ ಮೊದಲು, ಲಗತ್ತು ಆಮೇಲೆ

ಮನೆಯಿಂದಲೇ ಕೆಲಸ ಎಂದು ಊರಿಗೆ ಬಂದಿರುವ ಮಕ್ಕಳೇ, ನಿಮ್ಮ ಗೋಳು ನನ್ನ ಕಿವಿಗೆ ದಿನಾ ಬೀಳುತ್ತಿದೆ. ತೀರ್ಥಹಳ್ಳಿ, ಸಿದ್ದಾಪುರ, ಸುಳ್ಯದ ಒಳಹಳ್ಳಿಗಳಲ್ಲಿ ಮಳೆ ಹಿಡಿಯಿತೆಂದರೆ ಕರೆಂಟಿನ ಹಿಂದೆಯೇ ಟವರೂ ಹೋಗುತ್ತದೆ. ಟವರ್ ಇದ್ದ ದಿನ ಡೇಟಾ ಮಧ್ಯಾಹ್ನಕ್ಕೇ ಮುಗಿದು ವೇಗ 64 ಕೆಬಿಪಿಎಸ್‌ಗೆ ಇಳಿಯುತ್ತದೆ. ಆಗ ಮೇಲ್ ಕೂಡ ನೋಡಲಾಗುವುದಿಲ್ಲ ಅನ್ನುತ್ತೀರಲ್ಲ, ಅದನ್ನು ಮಾತ್ರ ನಾನು ಒಪ್ಪುವುದಿಲ್ಲ. 1995ರ ಆಗಸ್ಟ್ 15ರಂದು ಸರ್ಕಾರಿ ದೂರಸಂಪರ್ಕ ಸಂಸ್ಥೆ ವಿಎಸ್‌ಎನ್‌ಎಲ್ ನಮ್ಮ ದೇಶದಲ್ಲಿ ಜನಸಾಮಾನ್ಯರಿಗೆ ಇಂಟರ್‌ನೆಟ್ ತೆರೆದಾಗ ಟೆಲಿಫೋನ್ ತಂತಿಯ ವೇಗ ಇದಕ್ಕಿಂತ ಎಷ್ಟೋ ಕಡಿಮೆ ಇತ್ತು. ಆಗಲೂ ಜನ ಮೇಲ್ ಬರೆದರು, ಉತ್ತರ ಪಡೆದರು.

ಲೆಕ್ಕ ಹಾಕಿ ನೋಡಿ. 64 ಕೆಬಿಪಿಎಸ್ ಎಂದರೆ ಸೆಕೆಂಡಿಗೆ 8 ಕಿಲೋಬೈಟ್. ಕನ್ನಡದ ಪ್ರತಿ ಯೂನಿಕೋಡ್ ಸಂಕೇತಕ್ಕೆ ಯುಟಿಎಫ್-8ರಲ್ಲಿ 3 ಬೈಟ್ ಬೇಕು. ಸಾವಿರ ಸಂಕೇತಗಳ ಒಂದು ಪತ್ರ, ಮೇಲಿಗೆಂದು ಮಾರ್ಪಾಟಾದ ಮೇಲೂ, ಸುಮಾರು 4 ಕಿಲೋಬೈಟ್. ಅರ್ಧ ಸೆಕೆಂಡಿನಲ್ಲಿ ಬಂದು ಮುಟ್ಟುತ್ತದೆ. ಅದೇ ಪತ್ರಕ್ಕೆ ಫೋನಿನಲ್ಲಿ ತೆಗೆದ 4 ಎಂಬಿಯ ಒಂದು ಫೋಟೊ ಲಗತ್ತಿಸಿದರೆ ಹನ್ನೊಂದು ನಿಮಿಷ ಕಾಯಬೇಕು. ಮೇಲ್ ಹುಟ್ಟಿದ್ದು ಬರೀ ಅಕ್ಷರ ಸಾಗಿಸಲಿಕ್ಕೆ. ಆದ್ದರಿಂದ ಲಗತ್ತಿನ ಪ್ರತಿ ಮೂರು ಬೈಟನ್ನು ನಾಲ್ಕು ಅಕ್ಷರವಾಗಿ ಬದಲಿಸಿ ಕಳಿಸುತ್ತಾರೆ. 4 ಎಂಬಿಯ ಫೋಟೊ ದಾರಿಯಲ್ಲಿ ಐದೂಕಾಲು ಎಂಬಿಗಿಂತ ಹೆಚ್ಚಾಗುತ್ತದೆ. ನಿಧಾನವಾಗಿರುವುದು ಮೇಲ್ ಅಲ್ಲ, ಅದಕ್ಕೆ ಕಟ್ಟಿದ ಹೊರೆ.

ಕಂಪ್ಯೂಟರಿನಲ್ಲಿ ಮೇಲ್ ಓದಲು ಥಂಡರ್‌ಬರ್ಡ್ ತಂತ್ರಾಂಶ ಬಳಸುವವರು ಮೊದಲು ನೋಡಬೇಕಾದ ಜಾಗ ಒಂದಿದೆ. ಪತ್ರವನ್ನು ಸರ್ವರಿನಲ್ಲೇ ಇಟ್ಟು ಓದಿಸುವ ಐಮ್ಯಾಪ್ ಖಾತೆ ಸೇರಿಸಿದ ಕೂಡಲೇ ಅದು ನಿಮ್ಮನ್ನು ಕೇಳದೆಯೇ ಸರ್ವರಿನಲ್ಲಿರುವ ಹಳೆಯ ಪತ್ರಗಳನ್ನೆಲ್ಲ ಲಗತ್ತು ಸಮೇತ ಕಂಪ್ಯೂಟರಿಗೆ ಇಳಿಸಿಕೊಳ್ಳಲು ಶುರು ಮಾಡುತ್ತದೆ. ನೀವು ಇವತ್ತಿನ ಒಂದು ಪತ್ರಕ್ಕಾಗಿ ಕಾಯುತ್ತಿರುತ್ತೀರಿ, ಅದು ಹಿಂದಿನ ವರ್ಷಗಳ ಮದುವೆ ಕರೆಯೋಲೆಗಳನ್ನು ಇಳಿಸುತ್ತಿರುತ್ತದೆ. ಅಕೌಂಟ್ ಸೆಟ್ಟಿಂಗ್ಸ್‌ಗೆ ಹೋಗಿ, ಸಿಂಕ್ರೊನೈಸೇಶನ್ ಆ್ಯಂಡ್ ಸ್ಟೋರೇಜ್ ತೆರೆಯಿರಿ. ಪತ್ರಗಳನ್ನು ಈ ಕಂಪ್ಯೂಟರಿನಲ್ಲಿ ಇಡು ಎಂಬರ್ಥದ ಟಿಕ್ ಮೇಲೆಯೇ ಕಾಣುತ್ತದೆ. ಅದನ್ನು ಪೂರ್ತಿ ತೆಗೆಯಬಹುದು. ಆದರೆ ನೆಟ್ ಹೋದಾಗ ಏನೂ ಓದಲಾಗುವುದಿಲ್ಲ. ನಮ್ಮ ಕಡೆಯವರಿಗೆ ನಾನು ಹೇಳುವುದು ಬೇರೆ. ಟಿಕ್ ಇರಲಿ. ಕೆಳಗೆ ಇತ್ತೀಚಿನ 30 ದಿನದ್ದು ಮಾತ್ರ ಸಾಕು ಎನ್ನುವ ಆಯ್ಕೆ ಇದೆ, ಅದನ್ನು ಹಿಡಿಯಿರಿ. ಅಲ್ಲೇ ಇಂತಿಷ್ಟು ಕೆಬಿಗಿಂತ ದೊಡ್ಡ ಪತ್ರ ಇಳಿಸಬೇಡ ಎಂಬ ಸಾಲೂ ಇದೆ, ಅದಕ್ಕೂ ಟಿಕ್ ಹಾಕಿ. ದೊಡ್ಡ ಪತ್ರದ ತಲೆಬರಹವಷ್ಟೇ ಪಟ್ಟಿಯಲ್ಲಿ ಕಾಣುತ್ತದೆ, ಬೇಕೆನಿಸಿದಾಗ ತೆರೆದರಾಯಿತು. ಸ್ಟ್ಯಾನ್‌ಫರ್ಡ್‌ನಲ್ಲಿ ಮಾರ್ಕ್ ಕ್ರಿಸ್ಪಿನ್ 1986ರಲ್ಲಿ ಐಮ್ಯಾಪ್ ರೂಪಿಸಿದ್ದೇ ಪತ್ರ ಸರ್ವರಿನಲ್ಲಿರಲಿ, ದೂರದಿಂದಲೇ ಓದುವಂತಾಗಲಿ ಎಂದು.

ಜಿಮೇಲ್ ಇದ್ದವರು ಇನ್ನೊಂದು ಕೆಲಸ ಮಾಡಬೇಕು. ನೀವು ಆರ್ಕೈವ್ ಮಾಡಿ ಮರೆತದ್ದೆಲ್ಲ ಆಲ್ ಮೇಲ್ ಎಂಬ ಫೋಲ್ಡರಿನಲ್ಲಿ ಕೂತಿರುತ್ತದೆ, ಥಂಡರ್‌ಬರ್ಡ್ ಅದನ್ನೂ ಇಳಿಸಲು ಹೋಗುತ್ತದೆ. ಬ್ರೌಸರಿನಲ್ಲಿ ಜಿಮೇಲಿನ ಲೇಬಲ್ ಸೆಟ್ಟಿಂಗಿಗೆ ಹೋಗಿ, ಅದರ ಮುಂದಿನ ಶೋ ಇನ್ ಐಮ್ಯಾಪ್ ಟಿಕ್ ತೆಗೆದುಬಿಡಿ.

ಹೊಸ ಪತ್ರ ಬಂತೇ ಎಂದು ಹತ್ತು ನಿಮಿಷಕ್ಕೊಮ್ಮೆ ನೋಡುವುದನ್ನು ಗಂಟೆಗೊಮ್ಮೆ ಮಾಡಿದರೆ ಡೇಟಾ ಉಳಿಯುತ್ತದೆ ಎಂದು ಹಲವರು ಅದರ ಹಿಂದೆ ಬೀಳುತ್ತಾರೆ. ಆ ವಿಚಾರಣೆಗೆ ತಗಲುವುದು ತೀರ ಅಲ್ಪ, ಅದರ ಚಿಂತೆ ಬಿಡಿ. ಅಂಗಡಿಗಳ ಜಾಹೀರಾತು ಮೇಲಿನ ಚಿತ್ರಗಳನ್ನು ಥಂಡರ್‌ಬರ್ಡ್ ತಾನಾಗಿಯೇ ತಡೆದಿರುತ್ತದೆ. ಸದಾ ತೋರಿಸು ಎಂದು ಅನುಮತಿ ಕೊಡಬೇಡಿ. ಆ ಚಿತ್ರ ಇಳಿದರೆ ನೀವು ಪತ್ರ ತೆರೆದ ಸುದ್ದಿಯೂ ಕಳಿಸಿದವರಿಗೆ ಮುಟ್ಟುತ್ತದೆ.

ಇನ್ನು ನೀವು ಕಳಿಸುವ ಪತ್ರದ ವಿಚಾರ. ಇದನ್ನು ಗಮನಿಸುವವರು ಕಡಿಮೆ, ಪೋಲಾಗುವುದು ಮಾತ್ರ ಇಲ್ಲೇ ಹೆಚ್ಚು. ದೊಡ್ಡ ಫೈಲ್ ಲಗತ್ತಿಸಿಕೊಂಡು ಆಮೇಲೆ ನಿಧಾನವಾಗಿ ಪತ್ರ ಬರೆಯುತ್ತಾ ಕೂತಿರಿ ಅನ್ನಿ. ಥಂಡರ್‌ಬರ್ಡ್ ಐದು ನಿಮಿಷಕ್ಕೊಮ್ಮೆ ಕರಡನ್ನು ತಾನೇ ಉಳಿಸುತ್ತದೆ. ಕರಡಿನ ಫೋಲ್ಡರ್ ಸರ್ವರಿನಲ್ಲಿದ್ದರೆ, ಪ್ರತಿ ಸಲವೂ ಇಡೀ ಲಗತ್ತು ಮತ್ತೆ ಮೇಲಕ್ಕೆ ಹೋಗುತ್ತದೆ. ಕಳಿಸು ಒತ್ತುವ ಮೊದಲೇ ದಿನದ ಡೇಟಾ ಕರಗಿರುತ್ತದೆ. ಆದ್ದರಿಂದ ಪತ್ರ ಪೂರ್ತಿ ಬರೆದು, ಕಡೆಯಲ್ಲಿ ಲಗತ್ತಿಸಿ. ಇಲ್ಲವೇ ಅಕೌಂಟ್ ಸೆಟ್ಟಿಂಗ್ಸ್‌ನ ಕಾಪೀಸ್ ಆ್ಯಂಡ್ ಫೋಲ್ಡರ್ಸ್‌ನಲ್ಲಿ ಕರಡನ್ನು ಲೋಕಲ್ ಫೋಲ್ಡರ್ಸ್‌ಗೆ ಬದಲಿಸಿ. ಕಳಿಸಿದ ಪತ್ರದ ಪ್ರತಿಯ ಕಥೆಯೂ ಇದೇ. ಪತ್ರ ಒಮ್ಮೆ ವಿಳಾಸದಾರರ ಕಡೆಗೆ ಹೋಗುತ್ತದೆ, ಅದರದೇ ಪ್ರತಿ ಮತ್ತೊಮ್ಮೆ ಸೆಂಟ್ ಫೋಲ್ಡರಿಗೆ ಏರುತ್ತದೆ. ಜಿಮೇಲ್ ಆದರೆ ಪ್ರತಿಯನ್ನು ತಾನೇ ಇಟ್ಟುಕೊಳ್ಳುತ್ತದೆ, ಅಲ್ಲಿ ಕಳಿಸಿದ್ದರ ಪ್ರತಿ ಇಡು ಎಂಬರ್ಥದ ಟಿಕ್ ಬೇಡವೇ ಬೇಡ. ಬೇರೆ ಸರ್ವರ್ ಆದರೆ ಪ್ರತಿಯೂ ಲೋಕಲ್ ಫೋಲ್ಡರ್ಸ್‌ನಲ್ಲೇ ಇರಲಿ.

ಬೆಳಗ್ಗೆ ಸಿಗ್ನಲ್ ಚೆನ್ನಾಗಿದ್ದಾಗ ಒಮ್ಮೆ ಸಿಂಕ್ ಮಾಡಿ ಆಫ್‌ಲೈನ್‌ಗೆ ಹೋಗಿಬಿಡಿ. ಹಗಲಿಡೀ ಓದಿ, ಉತ್ತರ ಬರೆದು, ಔಟ್‌ಬಾಕ್ಸಿನಲ್ಲಿ ಇಟ್ಟಿರಿ. ಮತ್ತೆ ಟವರ್ ಸಿಕ್ಕಾಗ ಆನ್‌ಲೈನ್‌ಗೆ ಬಂದರೆ ಎಲ್ಲ ಒಟ್ಟಿಗೆ ಹೋಗುತ್ತವೆ. ಮಳೆಗಾಲಕ್ಕೆ ಇದಕ್ಕಿಂತ ಒಳ್ಳೆಯ ಪದ್ಧತಿ ನನಗೆ ಕಂಡಿಲ್ಲ.

ಒಂದು ಮಾತು ಮಾತ್ರ ಕೈಮುಗಿದು ಹೇಳುತ್ತೇನೆ. ಕಚೇರಿಗಳಿಂದ ಬರುವ ಸುತ್ತೋಲೆ ನೋಡಿದ್ದೀರಲ್ಲ. ಕಂಪ್ಯೂಟರಿನಲ್ಲೇ ಟೈಪ್ ಮಾಡಿದ ಮೂರು ಸಾಲನ್ನು ಅಚ್ಚು ಹಾಕಿ, ಸಹಿ ಮಾಡಿ, ಬಣ್ಣದಲ್ಲಿ ಸ್ಕ್ಯಾನ್ ಮಾಡಿ, ಹಲವು ಎಂಬಿಯ ಪಿಡಿಎಫ್ ಮಾಡಿ ನೂರಾರು ಜನಕ್ಕೆ ಕಳಿಸುತ್ತಾರೆ. ಅದನ್ನು ಪಡೆಯುವ ಹಳ್ಳಿ ಶಾಲೆಯ ಮೇಷ್ಟ್ರು ತಮ್ಮ ಕಾಸಿನ ಡೇಟಾ ಸುಡಬೇಕು. ನಾಳೆ ಆ ಕುರ್ಚಿಯಲ್ಲಿ ಕೂರುವವರು ನೀವೇ. ಮೂರು ಸಾಲನ್ನು ಪತ್ರದ ಒಡಲಿನಲ್ಲೇ ಟೈಪ್ ಮಾಡಿ. ಸಹಿ ಬೇಕೇ ಬೇಕಾದರೆ ಕಪ್ಪುಬಿಳುಪಿನಲ್ಲಿ, ಕಡಿಮೆ ಸಾಂದ್ರತೆಯಲ್ಲಿ ಸ್ಕ್ಯಾನ್ ಮಾಡಿ. ಫೋಟೊ ಕುಗ್ಗಿಸಿ ಕಳಿಸಿ. ಕುಗ್ಗಿಸಲಾಗದ ಫೈಲಾದರೆ ಡ್ರೈವ್‌ಗೆ ಹಾಕಿ ಲಿಂಕ್ ಕೊಡಿ, ವಿಷಯದ ಸಾಲಿನಲ್ಲೇ ಗಾತ್ರವನ್ನೂ ಬರೆಯಿರಿ. ಆಗುಂಬೆ ಘಾಟಿಯ ಬಸ್ಸಿನಲ್ಲಿ ಕೂತು ಫೋನ್ ನೋಡುವವರು ಅದನ್ನು ಈಗಲೇ ಇಳಿಸಬೇಕೋ, ಉಡುಪಿ ಮುಟ್ಟಿದ ಮೇಲೆ ಇಳಿಸಿದರೆ ಸಾಕೋ ಎಂದು ತಾವೇ ನಿರ್ಧರಿಸಿಕೊಳ್ಳುತ್ತಾರೆ.