ಚಾಕೊಲೇಟಿನ ಕಷಾಯ

ಕಷಾಯವೆಂಬ ಶಬ್ದಕ್ಕೆ ಎರಡು ಅರ್ಥಗಳುಂಟು. ಮೂಲಿಕೆ, ಸಂಬಾರಗಳನ್ನು ನೀರಿನಲ್ಲಿ ಕುದಿಸಿ ಇಳಿಸಿದ ರಸವು ಒಂದು. ಷಡ್ರಸಗಳಲ್ಲಿ ಒಂದಾದ ಒಗರು ಮತ್ತೊಂದು. ಈ ಎರಡು ಅರ್ಥಗಳೂ ಒಂದೇ ಪಾತ್ರೆಯಲ್ಲಿ ಕೂಡುವ ಪಾನೀಯವೆಂದರೆ ಸಂಬಾರ ಬೆರೆಸಿದ ಬಿಸಿ ಚಾಕೊಲೇಟು. ಇದು ಪಟ್ಟಣದ ಹೋಟೆಲಿನವರು ಹುಟ್ಟಿಸಿದ ಹೊಸ ವಿಲಾಸವೆಂದು ಬಗೆಯುವವರು ಅನೇಕರು. ವಸ್ತುಸ್ಥಿತಿ ಇದಕ್ಕೆ ವ್ಯತಿರಿಕ್ತವಾದುದು. ಚಾಕೊಲೇಟಿಗೆ ಹಾಲು ಸಕ್ಕರೆಗಳು ಬಂದುದೇ ತಡವಾಗಿ. ಖಾರವಾದರೋ ಮೊದಲಿನಿಂದಲೂ ಇದ್ದಿತು.

ಕೊಕೊ ಬೀಜವನ್ನು ಹುರಿದು ಅರೆದು ಕುಡಿಯುವ ವಾಡಿಕೆ ಮೆಕ್ಸಿಕೊ ಮತ್ತು ಅದರ ನೆರೆನಾಡುಗಳದು. ಅಲ್ಲಿಯ ಮಾಯಾ, ಅಜ್ಟೆಕ್ ಜನರು ಅದಕ್ಕೆ ಮೆಣಸಿನಕಾಯಿ, ವೆನಿಲಾ, ಮೆಕ್ಕೆಜೋಳದ ಹಿಟ್ಟು ಮೊದಲಾದುವನ್ನು ಕೂಡಿಸಿ, ಎತ್ತರದಿಂದ ಪಾತ್ರೆಯಿಂದ ಪಾತ್ರೆಗೆ ಹೊಯ್ದು ನೊರೆಯೆಬ್ಬಿಸುತ್ತಿದ್ದರು. ನಮ್ಮಲ್ಲಿ ಕಾಫಿಯನ್ನು ಆರಿಸುವ ಕ್ರಮವೂ ಇದೇ ಅಲ್ಲವೆ! 16ನೆಯ ಶತಮಾನದಲ್ಲಿ ಅಲ್ಲಿಗೆ ಹೋದ ಸ್ಪೇನಿನವರಿಂದ ಅದಕ್ಕೆ ಸಕ್ಕರೆ, ದಾಲ್ಚಿನ್ನಿಗಳು ಸೇರಿದವು. 1753ರಲ್ಲಿ ಲಿನೇಯಸನು ಆ ಮರಕ್ಕೆ ‘ದೇವತೆಗಳ ಆಹಾರ’ವೆಂಬ ಅರ್ಥದ ಹೆಸರನ್ನಿತ್ತನು. 1828ರಲ್ಲಿ ಹಾಲೆಂಡಿನ ವಾನ್ ಹೌಟನ್ ಮನೆತನದವರು ಬೀಜದ ಜಿಡ್ಡನ್ನು ಹಿಂಡಿ ತೆಗೆಯುವ ವಿಧಾನವನ್ನು ರೂಢಿಗೆ ತಂದರು. ಇಂದಿನ ಕೊಕೊ ಪುಡಿಯು ಆ ಹಿಂಡಿಯ ಪುಡಿಯೇ.

ಮೆಣಸಿನಕಾಯಿ, ಮೆಕ್ಕೆಜೋಳ, ಕೊಕೊ, ಈ ಮೂರೂ ಒಂದೇ ಸೀಮೆಯ ಒಡನಾಡಿಗಳು. ಮೊದಲನೆಯದು ನಮ್ಮ ಕರಿಮೆಣಸಿನ ಹೆಸರನ್ನೇ ಎರವಲು ಪಡೆದು ಅಡುಗೆಮನೆಯ ಯಜಮಾನನಾಯಿತು. ಎರಡನೆಯದು ಗೌರಿಬಿದನೂರು ತಾಲ್ಲೂಕಿನ ಹೊಲಗಳಲ್ಲಿ ರಾಗಿಯ ಪಕ್ಕದಲ್ಲಿಯೇ ನೆಲೆಯೂರಿದೆ. ಹರಳುಗಳ ವ್ಯಾಪಾರಕ್ಕೆ ಹೆಸರಾದ ಅಲೀಪುರವಿರುವುದು ಈ ತಾಲ್ಲೂಕಿನಲ್ಲಿಯೇ. ಇಲ್ಲಿ ಇವೆರಡನ್ನೂ ಪರದೇಶದವೆಂದು ಯಾರೂ ಎಣಿಸರು. ಮೂರನೆಯದು ಮಾತ್ರ ಇನ್ನೂ ಅತಿಥಿ. ನೆರಳು ತೇವಗಳನ್ನು ಬೇಡುವ ಆ ಮರವು ಬಯಲುಸೀಮೆಗೆ ಒಗ್ಗದು ನಿಜ. ಕನ್ನಡ ನಾಡಿಗೆ ಒಗ್ಗದೆಂಬುದು ಸರಿಯಲ್ಲ.

ದಕ್ಷಿಣ ಕನ್ನಡದ ಅಡಿಕೆ ತೋಟಗಳಲ್ಲಿ ಕೊಕೊ ಉಪಬೆಳೆಯಾಗಿ ಬೇರೂರಿತು. 1977ರಲ್ಲಿ ಶಿಖರವನ್ನು ಮುಟ್ಟಿದ್ದ ಲೋಕದ ಧಾರಣೆಯು 1980ರ ಹೊತ್ತಿಗೆ ಕುಸಿಯಲು, ಕೊಳ್ಳುವವರು ಹಿಂದೆಗೆದರು, ಬೆಳೆದವರು ಕಂಗಾಲಾದರು. ಆಗ ಕೈಹಿಡಿದುದು ಬೆಳೆಗಾರರೇ 1973ರಲ್ಲಿ ಮಂಗಳೂರಿನಲ್ಲಿ ಕಟ್ಟಿಕೊಂಡಿದ್ದ ಸಹಕಾರಿ ಸಂಸ್ಥೆ ಕ್ಯಾಂಪ್ಕೊ. ಅದು ಕೊಕೊವನ್ನು ಕೊಂಡಿತಲ್ಲದೆ 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟು ಕಾರ್ಖಾನೆಯನ್ನೇ ತೆರೆಯಿತು. ಬೆಳೆದ ನಾಡು ತಾನೇ ಉಣ್ಣದ ಬೆಳೆಗೆ ಹೊರಗಿನವರ ಧಾರಣೆಯೇ ಗತಿ. ಆದುದರಿಂದ ಕೊಕೊವು ಮನೆಯ ಒಲೆಯನ್ನು ಸೇರುವುದು ಬರಿಯ ನಾಲಗೆಯ ಚಾಪಲ್ಯದ ಮಾತಲ್ಲ. ಅಂಗಡಿಯಲ್ಲಿ ‘ಡ್ರಿಂಕಿಂಗ್ ಚಾಕೊಲೇಟ್’ ಎಂದು ದೊರೆಯುವ ಪುಡಿಯಲ್ಲಿ ಸಾಮಾನ್ಯವಾಗಿ ಸಕ್ಕರೆಯೇ ಅಧಿಕ. ಸಿಹಿ ಬೆರೆಸದ ಕೊಕೊ ಪುಡಿಯನ್ನೇ ಕೇಳಿ ಕೊಳ್ಳತಕ್ಕದ್ದು.

ಇನ್ನು ಪಾಕಕ್ರಮ. ಇಬ್ಬರಿಗೆ ಎರಡು ಲೋಟ ಹಾಲು, ಎರಡು ದೊಡ್ಡ ಚಮಚ ಕೊಕೊ ಪುಡಿ, ಎರಡು ಮೂರು ಚಮಚ ಪುಡಿಬೆಲ್ಲ ಸಾಕು. ಬೆರಳಗಲದ ಒಣಶುಂಠಿ, ನಾಲ್ಕು ಕಾಳುಮೆಣಸು, ಎರಡು ಏಲಕ್ಕಿ, ಸಣ್ಣ ಚಕ್ಕೆ, ಇವನ್ನು ಜಜ್ಜಿ ಒಂದು ಲೋಟ ನೀರಿನಲ್ಲಿ ಅರ್ಧಕ್ಕೆ ಇಳಿಯುವಂತೆ ಕುದಿಸಿ ಸೋಸಬೇಕು. ಮೂಲದ ಸ್ವಾದವನ್ನು ಬಯಸುವವರು ಬೀಜ ತೆಗೆದ ಅರ್ಧ ಬ್ಯಾಡಗಿ ಮೆಣಸಿನಕಾಯಿಯನ್ನೂ ಹಾಕಬಹುದು. ಅದರಲ್ಲಿ ಬಣ್ಣ ಹೆಚ್ಚು, ಖಾರ ಕಡಿಮೆ.

ಅನೇಕರ ಪಾನೀಯವು ಕೆಡುವುದು ಮುಂದಿನ ಹಂತದಲ್ಲಿ. ಕೊಕೊ ಪುಡಿಯನ್ನು ಕುದಿವ ಹಾಲಿಗೆ ಸುರಿದರೆ ಗಂಟು ಕಟ್ಟುವುದು ನಿಶ್ಚಯ. ಅದರಲ್ಲಿ ಉಳಿದ ಜಿಡ್ಡು ನೀರನ್ನು ಬೇಗ ಒಳಗೆ ಬಿಡದು. ಹೊರಗಿನ ಪಿಷ್ಟ ಬಿಸಿಗೆ ಬೆಂದು ಒಳಗಿನ ಒಣಪುಡಿಯನ್ನು ಬಂಧಿಸುವುದು. ರಾಗಿ ಅಂಬಲಿ ಕಾಸುವ ಮನೆಗೆ ಇದನ್ನು ಕಲಿಸಬೇಕಾದುದಿಲ್ಲ. ಹಿಟ್ಟನ್ನು ಮೊದಲು ತಣ್ಣೀರಿನಲ್ಲಿ ಕದಡುವಂತೆ ಕೊಕೊವನ್ನೂ ಸ್ವಲ್ಪ ನೀರಿನಲ್ಲಿ ನುಣ್ಣಗೆ ಕಲಸಬೇಕು. ಮೆಕ್ಸಿಕೊದವರು ಮೆಕ್ಕೆಜೋಳದ ಹಿಟ್ಟು ಕೂಡಿಸಿದಂತೆ ಇಲ್ಲಿಯೂ ಒಂದು ಸಣ್ಣ ಚಮಚ ರಾಗಿಹಿಟ್ಟು ಸೇರಿಸಿದರೆ ಪಾನೀಯಕ್ಕೆ ಮಂದತೆ ಬರುವುದು. ಈ ಕಲಕವನ್ನು ಸೋಸಿದ ಕಷಾಯಕ್ಕೆ ಹೊಯ್ದು, ಸಣ್ಣ ಉರಿಯಲ್ಲಿ ಕೈಬಿಡದೆ ತಿರುವುತ್ತ ನಾಲ್ಕೈದು ನಿಮಿಷ ಬೇಯಿಸಿ, ಕಾಸಿದ ಹಾಲನ್ನು ಬೆರೆಸಿ ಇಳಿಸಬೇಕು. ಬೆಲ್ಲ ಮಾತ್ರ ಕೊನೆಗೆ: ನೀರಿನಲ್ಲಿ ಕರಗಿಸಿ, ಸೋಸಿ, ಕುದಿ ಅಡಗಿದ ಬಳಿಕ ಹಾಕಿದರೆ ಹಾಲು ಒಡೆಯುವ ಭಯ ಕಡಿಮೆ. ಚಿಟಿಕೆ ಉಪ್ಪನ್ನಿಕ್ಕಿ ನಾಲ್ಕಾರು ಸಲ ಎತ್ತಿ ಹೊಯ್ದರೆ ನೊರೆಯೇಳುವುದು.

ಕೊಕೊದಲ್ಲಿ ಕಹಿಯೂ ಒಗರೂ ಸಹಜ. ಬೆಲ್ಲದಿಂದ ಸಿಹಿ, ಶುಂಠಿ ಮೆಣಸುಗಳಿಂದ ಖಾರ, ಚಿಟಿಕೆಯಿಂದ ಉಪ್ಪು ಕೂಡಿದವು. ಉಳಿದ ಹುಳಿಯೊಂದನ್ನು ಯಾರೂ ಹಾಕಬೇಕಾಗಿಲ್ಲ. ಕೊಕೊ ಬೀಜವನ್ನು ಒಣಗಿಸುವ ಮುನ್ನ ಐದಾರು ದಿನ ರಾಶಿ ಹಾಕಿ ಹುಳಿಬರಿಸುವರು. ಒಣಗಿಸಿ ಹುರಿದ ಮೇಲೂ ಅದರ ಲೇಶವು ಬೀಜದೊಳಗೆ ಉಳಿದಿರುವುದು. ಕಾಫಿಯಷ್ಟಲ್ಲದಿದ್ದರೂ ನಿದ್ದೆಯನ್ನು ತಡೆಯುವ ಗುಣ ಕೊಕೊಗೂ ಉಂಟಾದ ಕಾರಣ, ಮಕ್ಕಳಿಗೆ ಇದನ್ನು ರಾತ್ರಿ ಮಲಗುವ ಹೊತ್ತಿಗಿಂತ ಸಂಜೆಯೇ ಕೊಡುವುದು ಲೇಸು.