ಬ್ರೇಕ್ ಆಯಿಲ್ ಕುಡಿಯುವ ಕಾರು

ಅಳಿಯಾ, ಹಳೆಯದಾದರೂ ಸ್ವಂತ ಕಾರು ಕೊಂಡೆ, ಒಳ್ಳೆಯದಾಯಿತು. ಕೆಂಚನಗುಡ್ಡದಂಥ ಊರಲ್ಲಿ ಮನೆಮುಂದೆ ಕಾರು ನಿಂತಿತೆಂದರೆ ಅದು ನಿನ್ನೊಬ್ಬನದಾಗಿ ಉಳಿಯುವುದಿಲ್ಲ. ರಾತ್ರಿ ಹೊತ್ತು ಹೆರಿಗೆಗೆ ಸಿರುಗುಪ್ಪಕ್ಕೆ ಹೋಗಬೇಕಾದವರು, ವಸುಧೇಂದ್ರತೀರ್ಥರ ಬೃಂದಾವನಕ್ಕೆ ಬಂದು ಬಸ್ಸು ತಪ್ಪಿಸಿಕೊಂಡ ವಯಸ್ಸಾದವರು, ಎಲ್ಲರೂ ನಿನ್ನ ಬಾಗಿಲನ್ನೇ ತಟ್ಟುತ್ತಾರೆ. ಅದಕ್ಕೇ ಈ ಮಾತು.

ನಿನ್ನ ಡಿಕ್ಕಿಯಲ್ಲಿ ಬ್ರೇಕ್ ಆಯಿಲ್ ಡಬ್ಬಿ ನೋಡಿದೆ. ಕೇಳಿದರೆ, "ಸ್ವಲ್ಪ ಕುಡಿಯುತ್ತೆ ಮಾವ, ವಾರಕ್ಕೊಮ್ಮೆ ಹಾಕ್ತೀನಿ" ಅಂದೆ. ಎಂಜಿನ್ ಆಯಿಲ್ ಕುಡಿಯುವ ಗಾಡಿಗಳಿವೆ, ಅವು ಅದನ್ನು ಸುಟ್ಟು ಹೊಗೆ ಬಿಡುತ್ತವೆ. ಬ್ರೇಕ್ ಆಯಿಲ್ ಕುಡಿಯುವ ಗಾಡಿ ಮಾತ್ರ ಎಲ್ಲೂ ಇಲ್ಲ. ಪ್ಯಾಡ್ ಸವೆದಂತೆ ತಿಂಗಳುಗಟ್ಟಲೆ ನಿಧಾನವಾಗಿ ಆಯಿಲ್ ಮಟ್ಟ ಇಳಿಯುತ್ತದೆ, ಅದು ಸಹಜ. ವಾರಕ್ಕೊಮ್ಮೆ ಹಾಕಬೇಕಾದರೆ ಅದು ಎಲ್ಲೋ ಸೋರುತ್ತಿದೆ ಎಂದೇ ಅರ್ಥ.

ನಮ್ಮ ಕಡೆ ಕಾಲುವೆಯ ತಲೆಯಲ್ಲಿ ತೂಬು ಒಡೆದರೆ ಟೇಲೆಂಡಿನ ಗದ್ದೆಗೆ ನೀರು ಮುಟ್ಟುವುದಿಲ್ಲವಲ್ಲ, ಮಾಸ್ಟರ್ ಸಿಲಿಂಡರ್ ಕಥೆಯೂ ಅದೇ. ನೀನು ಪೆಡಲ್ ಒತ್ತಿದಾಗ ಅದರೊಳಗಿನ ಪಿಸ್ಟನ್ ಮುಂದೆ ಸರಿದು, ಆಯಿಲನ್ನು ತಳ್ಳಿ, ನಾಲ್ಕೂ ಚಕ್ರಕ್ಕೆ ಒತ್ತಡ ಕಳಿಸುತ್ತದೆ. ಆ ಒತ್ತಡವನ್ನು ಹಿಡಿದಿಡುವುದು ಬೆರಳಗಲದ ರಬ್ಬರ್ ಕಪ್‌ಗಳು. ಅವು ಸವೆದರೆ, ಗಟ್ಟಿಯಾದರೆ, ಇಲ್ಲವೇ ಸಿಲಿಂಡರಿನ ಒಳಗೋಡೆಗೆ ತುಕ್ಕು ಹಿಡಿದು ಗುಳಿ ಬಿದ್ದರೆ ಒತ್ತಡ ನಿಲ್ಲುವುದಿಲ್ಲ. ಈಗಿನ ಕಾರುಗಳಲ್ಲಿ ಎರಡು ಪಿಸ್ಟನ್, ಎರಡು ಲೈನ್ ಇರುತ್ತವೆ. ಒಂದು ಕೈಕೊಟ್ಟರೂ ಇನ್ನೊಂದು ಅರ್ಧ ಬ್ರೇಕ್ ಕೊಡುತ್ತದೆ. ಹಳೇ ಅಂಬಾಸಿಡರ್‌ಗಳ ಕಾಲದಲ್ಲಿ ಒಂದೇ ಲೈನ್. ಹೋದರೆ ಪೂರ್ತಿ ಹೋದಂತೆ.

ಕಾರಿನ ಕೆಳಗೆ ನೆಲ ಒಣಗಿದೆ, ಹಾಗಾಗಿ ಸೋರುತ್ತಿಲ್ಲ ಎಂದು ನೀನು ವಾದಿಸಿದೆ. ಬಹಳ ಜನ ಮೋಸಹೋಗುವುದು ಇಲ್ಲೇ. ಮಾಸ್ಟರ್ ಸಿಲಿಂಡರಿನ ಹಿಂದೆ ದುಂಡನೆಯ ತಗಡಿನ ಡಬ್ಬದಂತಿರುವ ಬೂಸ್ಟರ್ ಇದೆ. ಸಿಲಿಂಡರಿನ ಹಿಂಬದಿಯ ಸೀಲ್ ಹೋದರೆ ಆಯಿಲ್ ಅದರೊಳಗೇ ಇಳಿಯುತ್ತದೆ, ಒಂದು ಹನಿಯೂ ನೆಲಕ್ಕೆ ಬೀಳುವುದಿಲ್ಲ. ಎರಡು ನಟ್ ಸಡಿಲಿಸಿ ಸಿಲಿಂಡರನ್ನು ಸ್ವಲ್ಪ ಮುಂದಕ್ಕೆ ಎಳೆದು ಬೆರಳಾಡಿಸಿದರೆ ತಿಳಿಯುತ್ತದೆ. ಆ ಜಾಗದಲ್ಲಿ ಬಣ್ಣ ಉಬ್ಬಿ ಎದ್ದಿದ್ದರೂ ಅದೇ ಸಾಕ್ಷಿ, ಬ್ರೇಕ್ ಆಯಿಲ್ ಪೇಂಟನ್ನು ತಿಂದುಹಾಕುತ್ತದೆ. ಬೂಸ್ಟರ್ ಇಲ್ಲದ ಹಳೇ ಗಾಡಿಯಾದರೆ ಪೆಡಲ್ ಹತ್ತಿರದ ಮ್ಯಾಟ್ ಎತ್ತಿ ನೋಡು. ನಾಲ್ಕೂ ಚಕ್ರದ ಒಳಬದಿಯನ್ನೂ ನೋಡು, ಚಕ್ರದ ಸಿಲಿಂಡರ್ ಸೋರುತ್ತಿರಲೂಬಹುದು.

ಇನ್ನೊಂದು ಜಾತಿಯ ಸೋರಿಕೆ ಇದೆ, ಅದು ಇನ್ನೂ ಕಳ್ಳ. ಎಂಜಿನ್ ಓಡುತ್ತಿರುವಾಗ ಗಾಡಿ ನಿಲ್ಲಿಸಿಕೊಂಡು ಪೆಡಲ್ ಒತ್ತಿ ಅರ್ಧ ನಿಮಿಷ ಹಾಗೇ ಹಿಡಿ. ಕಾಲು ಮೆಲ್ಲಗೆ ಕೆಳಗೆ ಇಳಿಯುತ್ತಾ ಹೋದರೆ ಆಯಿಲ್ ಕಪ್ ದಾಟಿ ಒಳಗೊಳಗೇ ಹಿಂದಕ್ಕೆ ಬರುತ್ತಿದೆ. ಹೊರಗೆ ಸೋರಿಕೆ ಇಲ್ಲ, ಸಿಲಿಂಡರಿನ ಮೇಲಿನ ಆಯಿಲ್ ಡಬ್ಬಿಯಲ್ಲಿ ಮಟ್ಟವೂ ಇಳಿಯುವುದಿಲ್ಲ, ಆದರೂ ಸಿಲಿಂಡರ್ ಕೆಟ್ಟಿದೆ.

ರಿಪೇರಿಗೆ ಬಂದರೆ ಮೆಕ್ಯಾನಿಕ್ ಕೇಳುವ ಮೊದಲ ಪ್ರಶ್ನೆ, ರಬ್ಬರ್ ಕಪ್‌ಗಳ ಕಿಟ್ ಹಾಕೋಣವೋ, ಪೂರಾ ಸಿಲಿಂಡರ್ ಬದಲಿಸೋಣವೋ ಎಂದು. ಒಳಗೋಡೆ ಕನ್ನಡಿಯಂತಿದ್ದರೆ ಕಿಟ್ ನಡೆಯುತ್ತದೆ. ಗೆರೆ, ಗುಳಿ ಕಂಡರೆ ಹೊಸ ಕಪ್‌ಗಳನ್ನೂ ಅದು ಹರಿದುಹಾಕುತ್ತದೆ. ಹಿಂದಿನ ಬೀಡು ಕಬ್ಬಿಣದ ಸಿಲಿಂಡರನ್ನು ಉಜ್ಜಿ ನಯಮಾಡುತ್ತಿದ್ದರು. ಈಗಿನ ಅಲ್ಯೂಮಿನಿಯಂ ಸಿಲಿಂಡರನ್ನು ಉಜ್ಜಿದರೆ ಮೇಲಿನ ಗಟ್ಟಿ ಪದರವೇ ಹೋಗುತ್ತದೆ. ನನ್ನ ಮಾತು ಕೇಳುವುದಾದರೆ, ಹದಿನೈದು ವರ್ಷ ಆಗುತ್ತ ಬಂದ ಕಾರಿಗೆ ಕಿಟ್ ಗೊಡವೆ ಬೇಡ. ಒಳ್ಳೇ ಕಂಪನಿಯ ಹೊಸ ಸಿಲಿಂಡರನ್ನೇ ಬಿಲ್ ಸಮೇತ ತಗೋ. ಗುಜರಿಯದ್ದಂತೂ ಮುಟ್ಟಲೇಬೇಡ.

ಸಿಲಿಂಡರ್ ಕೂರಿಸುವ ಮುಂಚೆ ಅದನ್ನು ಟೇಬಲ್ ಮೇಲಿಟ್ಟು ಆಯಿಲ್ ತುಂಬಿ ಒಳಗಿನ ಗಾಳಿ ತೆಗೆಯಬೇಕು. ಅವಸರದವರು ಇದನ್ನು ಬಿಟ್ಟು, ಆಮೇಲೆ ಪೆಡಲ್ ಸ್ಪಂಜಿನಂತಿದೆ ಎಂದು ಗೊಣಗುತ್ತಾರೆ. ಕೂರಿಸಿದ ಮೇಲೆ ಚಕ್ರಗಳಿಂದ ಏರ್ ತೆಗೆಯುವಾಗ ಇಬ್ಬರು ಬೇಕು. ಒಳಗಿನವನು ಪೆಡಲ್ ಒತ್ತಿ ಹಿಡಿಯಬೇಕು, ಹೊರಗಿನವನು ನಿಪ್ಪಲ್ ಬಿಚ್ಚಿ ಗಾಳಿ ಬಿಟ್ಟು ಮತ್ತೆ ಬಿಗಿಮಾಡಬೇಕು, ಆಮೇಲಷ್ಟೇ ಕಾಲೆತ್ತಬೇಕು. ಮೊದಲೇ ಎತ್ತಿದರೆ ಹೊರಗಿನ ಗಾಳಿಯನ್ನೇ ಒಳಗೆ ಎಳೆದುಕೊಳ್ಳುತ್ತದೆ. ಮೇಲಿನ ಡಬ್ಬಿ ಖಾಲಿಯಾಗಲು ಬಿಡಬಾರದು. ಯಾವ ಚಕ್ರ ಮೊದಲು ಎಂಬುದು ಗಾಡಿಯಿಂದ ಗಾಡಿಗೆ ಬೇರೆ, ಕೈಪಿಡಿಯಲ್ಲಿ ಬರೆದಿರುತ್ತದೆ. ಎಬಿಎಸ್ ಇರುವ ಕೆಲವು ಗಾಡಿಗೆ ಸ್ಕ್ಯಾನರ್ ಬೇಕಾಗುತ್ತದೆ, ಅದನ್ನು ಮನೆಯಂಗಳದಲ್ಲಿ ಮಾಡಲು ಹೋಗಬೇಡ.

ಆಯಿಲ್ ವಿಷಯಕ್ಕೆ ಬರುತ್ತೇನೆ. ಮುಚ್ಚಳದ ಮೇಲೆ ಬರೆದಿರುವ ಡಾಟ್ ನಂಬರಿನದೇ ಹಾಕು. ಎಂಜಿನ್ ಆಯಿಲ್, ಸ್ಟೀರಿಂಗ್ ಆಯಿಲ್ ತಪ್ಪಿ ಬಿದ್ದರೂ ರಬ್ಬರ್‌ಗಳೆಲ್ಲ ಉಬ್ಬಿ ಕೆಡುತ್ತವೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಡಾಟ್ 3 ಹೊಸದಿದ್ದಾಗ ಕನಿಷ್ಠ 205 ಡಿಗ್ರಿಯವರೆಗೆ ಕುದಿಯಬಾರದು, ತೇವ ಹೀರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಬಯಲಿನಲ್ಲಿ ಇದು ಗೊತ್ತಾಗದು. ಸಂಡೂರಿನ ಕುಮಾರಸ್ವಾಮಿ ಬೆಟ್ಟ ಇಳಿಯುವಾಗ ಬ್ರೇಕ್ ಕಾದರೆ ಗೊತ್ತಾಗುತ್ತದೆ. ಅದಕ್ಕೇ ಡಿಕ್ಕಿಯಲ್ಲಿ ಸೀಲ್ ಒಡೆದು ತಿಂಗಳುಗಟ್ಟಲೆ ಇಟ್ಟ ಡಬ್ಬಿಯನ್ನು ಬಿಸಾಕು. ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸು. ತೆಗೆದ ಹಳೇ ಆಯಿಲನ್ನು ಚರಂಡಿಗೆ, ಹೊಲಕ್ಕೆ ಮಾತ್ರ ಸುರಿಯಬೇಡ.

ನಮ್ಮ ರಸ್ತೆಯೂ ನಿನಗೆ ಗೊತ್ತು. ಭತ್ತದ ಕಾಲದಲ್ಲಿ ಅರ್ಧ ರಸ್ತೆ ಕಣವಾಗಿರುತ್ತದೆ. ಹಿಂಬದಿಗೆ ಲೈಟಿಲ್ಲದ ಟ್ರಾಲಿ ಕತ್ತಲಲ್ಲಿ ಹತ್ತಿರ ಬಂದ ಮೇಲೇ ಕಾಣುವುದು. ಅಲ್ಲಿ ಅರ್ಧ ಬ್ರೇಕ್ ಸಾಲದು. ಅಕಸ್ಮಾತ್ ಓಡುತ್ತಿರುವಾಗಲೇ ಪೆಡಲ್ ಕುಸಿದರೆ ಬೇಗಬೇಗ ನಾಲ್ಕಾರು ಸಲ ತುಳಿ, ಗೇರ್ ಇಳಿಸು, ಹ್ಯಾಂಡ್ ಬ್ರೇಕನ್ನು ಗಕ್ಕನೆ ಎಳೆಯದೆ ಸ್ವಲ್ಪಸ್ವಲ್ಪವಾಗಿ ಎಳೆ. ಕೀ ತೆಗೆಯಬೇಡ, ಸ್ಟೀರಿಂಗ್ ಲಾಕ್ ಆಗುತ್ತದೆ.

ನಾಳೆ ಸಿರುಗುಪ್ಪದ ಗ್ಯಾರೇಜಿಗೆ ನಿಧಾನವಾಗಿ ಓಡಿಸಿಕೊಂಡು ಹೋಗುತ್ತೇನೆ ಎನ್ನಬೇಡ. ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆಸುವುದೂ ಬೇಡ, ಬ್ರೇಕಿಲ್ಲದ ಕಾರು ಎಳೆಯುವ ಗಾಡಿಗೇ ಹೋಗಿ ಗುದ್ದುತ್ತದೆ. ಮೆಕ್ಯಾನಿಕ್‌ನನ್ನೇ ಸಾಮಾನಿನ ಸಮೇತ ಊರಿಗೆ ಕರೆಸು. ಅಲ್ಲಿಯವರೆಗೆ ಕಾರಿನ ಕೀಯನ್ನು ನಿಮ್ಮಮ್ಮನ ಕೈಗೆ ಕೊಟ್ಟುಬಿಡು.