ಮಗಳು ಪಶುವೈದ್ಯ ಕಾಲೇಜಿನಲ್ಲಿ ಪಾಠ ಹೇಳುತ್ತೇನೆಂದರೆ



ಈಚೆಗೆ ಒಂದು ಸಂಘದಲ್ಲಿ ಬರಡು ರಾಸುಗಳ ಶಿಬಿರ ಮುಗಿಸಿ ಕೈ ತೊಳೆಯುತ್ತಿದ್ದೆ. ಸದಸ್ಯೆಯೊಬ್ಬರು ಬಂದು, "ಮೇಡಂ, ಮಗಳು ದನದ ಡಾಕ್ಟರ್ ಓದು ಮುಗಿಸ್ತಿದ್ದಾಳೆ. ಈಗ ಇನ್ನೂ ಓದಿ ಕಾಲೇಜಲ್ಲೇ ಪಾಠ ಹೇಳ್ತೀನಿ ಅಂತಾಳೆ. ಮದುವೆ ಯಾವಾಗ ಮಾಡೋದು?" ಎಂದರು. ನಿಂತಲ್ಲೇ ಹೇಳಿ ಮುಗಿಸುವ ಮಾತಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಲೆಕ್ಕ. ಬಿ.ವಿ.ಎಸ್ಸಿ. ಪದವಿಗೆ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ. ಪಾಠ ಹೇಳಲು ಎಂ.ವಿ.ಎಸ್ಸಿ. ಬೇಕು, ಅದು 2 ವರ್ಷ. ಸಾಮಾನ್ಯವಾಗಿ ನೆಟ್ ಪರೀಕ್ಷೆಯನ್ನೂ ಕೇಳುತ್ತಾರೆ. ಪಿಎಚ್.ಡಿ.ಗೆ ಕಡಿಮೆಯೆಂದರೂ ಇನ್ನು 3 ವರ್ಷ. 18ಕ್ಕೆ ಕಾಲೇಜು ಸೇರಿದವಳಿಗೆ ಅಷ್ಟು ಹೊತ್ತಿಗೆ 28 ದಾಟಿರುತ್ತದೆ. ನಮ್ಮಲ್ಲಿ ಹೆಬ್ಬಾಳ, ಬೀದರ್, ಶಿವಮೊಗ್ಗ, ಹಾಸನ, ಗದಗದಲ್ಲಿ ಸರ್ಕಾರಿ ಪಶುವೈದ್ಯ ಕಾಲೇಜುಗಳಿವೆ. ಆದರೆ ವಿಶ್ವವಿದ್ಯಾಲಯ ಅರ್ಜಿ ಕರೆದಾಗ ಮಾತ್ರ ಸಹಾಯಕ ಪ್ರಾಧ್ಯಾಪಕರ ಹುದ್ದೆ. ಕಾಯಬೇಕಾಗಬಹುದು, ಸುಳ್ಳು ಆಸೆ ಹುಟ್ಟಿಸಲಾರೆ. ಕಾಯುವಾಗಲೂ ಅವಳು ಡಾಕ್ಟರೇ, ಚಿಕಿತ್ಸೆ ಮಾಡಿ ದುಡಿಯಬಹುದು.

ಇನ್ನು ಕೆಲಸ. ಗರ್ಭ ಪರೀಕ್ಷೆಗೆ ನಾವು ಗುದದ್ವಾರದಲ್ಲಿ ಕೈ ಹಾಕುವುದನ್ನು ನೋಡಿದ್ದೀರಿ. ಕಣ್ಣಿಗೆ ಏನೂ ಕಾಣದು, ಕರುಳಿನ ಗೋಡೆಯ ಮೇಲಿಂದ ಗರ್ಭಕೋಶವನ್ನು ಬೆರಳೇ ಗುರುತಿಸಬೇಕು. ವಿದ್ಯಾರ್ಥಿನಿಯಾಗಿದ್ದಾಗ ಮೊದಲ ಸಲ ನನಗೆ ಸಿಕ್ಕಿದ್ದು ಬರೀ ಸಗಣಿ! ನಮ್ಮ ಮೇಡಂ ನಗಲಿಲ್ಲ. ಕಸಾಯಿಖಾನೆಯಿಂದ ತರಿಸಿದ ಗರ್ಭಕೋಶಗಳನ್ನು ತಟ್ಟೆಯಲ್ಲಿಟ್ಟು, ಕಣ್ಣು ಮುಚ್ಚಿ ಮುಟ್ಟಿಸಿದರು. ಗಬ್ಬವಾದ ಕಡೆಯ ಕೊಂಬು ದಪ್ಪಗೆ, ಒಳಗೆ ನೀರು ತುಂಬಿದಂತೆ ಇರುತ್ತದೆ. ಅದು ಬೆರಳಿಗೆ ಹತ್ತಿದ ಮೇಲೆಯೇ ಮತ್ತೆ ರಾಸಿನ ಹತ್ತಿರ ಬಿಟ್ಟರು. ಕಲಿಯದ ಕೈ ಖಾಲಿ ರಾಸನ್ನು ಗಬ್ಬ ಎಂದರೆ 21 ದಿನಕ್ಕೊಮ್ಮೆ ಬರುವ ಬೆದೆ ತಪ್ಪುತ್ತಾ ಹೋಗುತ್ತದೆ, ಮೇವಿನ ಖರ್ಚು ನಿಮ್ಮ ತಲೆಗೆ. ಒರಟು ಕೈಯಾದರೆ ಗರ್ಭಕ್ಕೇ ಅಪಾಯ.

ಕೊಟ್ಟಿಗೆಯಲ್ಲಿ ಬೆಳೆದ ಹುಡುಗಿಗೆ ಇದರಲ್ಲಿ ಅರ್ಧ ಪಾಠ ಮೊದಲೇ ಆಗಿರುತ್ತದೆ. ಎಡ ಪಕ್ಕೆಲುಬಿನ ಹಿಂದಿನ ಗುಳಿಗೆ ಮುಷ್ಟಿ ಒತ್ತಿ ಹಿಡಿಯಿರಿ. ಆರೋಗ್ಯವಾದ ರಾಸಿನ ಹೊಟ್ಟೆ ನಿಮಿಷಕ್ಕೆ 1ರಿಂದ 2 ಬಾರಿ ಮುಷ್ಟಿಯನ್ನು ಹೊರಕ್ಕೆ ತಳ್ಳುತ್ತದೆ. ನನ್ನ ತರಗತಿಯಲ್ಲಿ ಪೇಟೆಯ ಹುಡುಗರು ಪುಸ್ತಕ ತೆರೆದು ಜಾಗ ಹುಡುಕುತ್ತಿದ್ದರು. ಹಾಲು ಕರೆದು ಬೆಳೆದ ಗೆಳತಿ ನೇರ ಅಲ್ಲಿಗೇ ಕೈಯಿಟ್ಟಳು, ನಮಗೆಲ್ಲ ತೋರಿಸಿಯೂ ಕೊಟ್ಟಳು.

ಮದುವೆಯ ವಿಚಾರ ನಿಮ್ಮ ಮನೆಯದು. ಓದುತ್ತಲೇ ಮದುವೆಯಾಗಿ ಪಿಎಚ್.ಡಿ. ಮುಗಿಸಿದವರೂ ನನಗೆ ಗೊತ್ತು. ಮುಂದಿನ ಶಿಬಿರಕ್ಕೆ ಮಗಳನ್ನು ಕರೆದುಕೊಂಡು ಬನ್ನಿ ಅಕ್ಕ. ಒಂದು ರಾಸನ್ನು ಅವಳೇ ನೋಡಿ, ಸುತ್ತ ನಿಂತವರಿಗೆಲ್ಲ ಬಿಡಿಸಿ ಹೇಳಲಿ. ಹೇಳಿಕೊಡುವ ತಾಳ್ಮೆ ಅವಳಿಗಿದೆಯೋ ಇಲ್ಲವೋ, ಪಕ್ಕದಲ್ಲಿ ನಿಂತು ನೀವೇ ನೋಡಿ.